ಸೀಮೆಹಸು, ಡಾರ್ವಿನ್ ಮತ್ತು ಒಂದು ಫ್ಲೆಕ್ಸ್

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೊರಟುಹೋಗುತ್ತದೆ ಎನ್ನುವುದು ಹಿರಿಯರ ಮಾತು. ಈ ಸಲ ಹೋಗುವುದಕ್ಕೆ ಅದು ಬಂದೇ ಇರಲಿಲ್ಲ. ಹಬ್ಬ ಕಳೆದ ವಾರಕ್ಕೆ ಕೋಲಾರದ ಒಂದು ಸಭಾಂಗಣದಲ್ಲಿ ‘ಹವಾಮಾನ ಬದಲಾವಣೆಗೆ ಹೊಂದಾಣಿಕೆ: ಒಂದು ದಿನದ ಕಾರ್ಯಾಗಾರ’ ಏರ್ಪಾಡಾಯಿತು. ಹೊರಗೆ ನಾಯಿಗಳು ನೆರಳಿಗಾಗಿ ಜಗಳವಾಡುವಂಥ ಬಿಸಿಲು. ಒಳಗೆ ಎ.ಸಿ.ಯನ್ನು ಹದಿನೆಂಟಕ್ಕೆ ಇಳಿಸಿದ್ದರಿಂದ, ಮುಂದಿನ ಸಾಲಿನ ಗಣ್ಯರು ತಮಗೆ ಹೊದಿಸಬೇಕಾಗಿದ್ದ ಶಾಲುಗಳನ್ನು ಸನ್ಮಾನಕ್ಕೆ ಮೊದಲೇ ಕೇಳಿ ಪಡೆದು ಹೊದ್ದು ಕುಳಿತರು. ಹೊಂದಾಣಿಕೆಯ ಮೊದಲ ಪ್ರಾತ್ಯಕ್ಷಿಕೆ ಅದೇ ಇರಬೇಕು.

ಮುಖ್ಯ ಅತಿಥಿಗಳು ಬೆಂಗಳೂರಿನಿಂದ ಬಂದಿದ್ದರು. ಪರದೆಯ ಮೇಲೆ ಜಿರಾಫೆಯ ಚಿತ್ರ ಬಂತು. ‘ಎಲೆ ಎತ್ತರದಲ್ಲಿತ್ತು. ಜಿರಾಫೆ ಕತ್ತು ಚಾಚಿತು, ಚಾಚಿತು, ಕತ್ತು ಉದ್ದವಾಯಿತು. ಇದೇ ಡಾರ್ವಿನ್ ಸಿದ್ಧಾಂತ. ಕೋಟ್ಯಂತರ ವರ್ಷಗಳಿಂದ ಜೀವಿಗಳು ಹೀಗೆಯೇ ಹೊಂದಿಕೊಂಡಿವೆ, ರೈತರೂ ಹೊಂದಿಕೊಳ್ಳಬೇಕು’ ಎಂದರು. ಚಪ್ಪಾಳೆ ಬಿತ್ತು. ಕತ್ತು ಚಾಚಿದ ಕಥೆ ಡಾರ್ವಿನ್ ಹೇಳಿದ್ದಲ್ಲ. 1809ರಲ್ಲಿ, ಅಂದರೆ ಡಾರ್ವಿನ್ ತೊಟ್ಟಿಲಲ್ಲಿದ್ದಾಗ, ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್ ಹೇಳಿದ್ದು. ಇದನ್ನು ಎದ್ದು ನಿಂತು ಹೇಳೋಣವೆಂದುಕೊಂಡೆ. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯವರು ಮಕ್ಕಳ ಹೊರೆ ಇಳಿಸಲೆಂದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠವನ್ನೇ ತೆಗೆದುಹಾಕಿದ್ದು ನೆನಪಾಯಿತು. ಪುಸ್ತಕದಿಂದ ಹೊರಬಿದ್ದ ಮನುಷ್ಯನಿಗೆ ವೇದಿಕೆಯ ಮೇಲಾದರೂ ಜಾಗ ಸಿಕ್ಕಿದೆಯಲ್ಲ, ಇರಲಿ ಎಂದು ಸುಮ್ಮನಾದೆ.

ಸುಮ್ಮನಾಗದವರು ನನ್ನ ಪಕ್ಕದಲ್ಲಿದ್ದ ದೊಡ್ಡಪ್ಪ. ಎದ್ದು ಕೈ ಮುಗಿದರು.

‘ಸಾರ್, ನಮ್ಮ ಮನೆಯಲ್ಲಿ ಒಂದು ಸೀಮೆಹಸು ಇದೆ. ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಾಲು ಇಳಿದುಹೋಗಿದೆ. ಅದು ಹೊಂದಿಕೊಳ್ಳುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ? ಯುಗಾದಿಯೊಳಗೆ ಆಗುತ್ತದೆಯೇ?’

ಅತಿಥಿಗಳು ನಕ್ಕರು. ‘ಹಾಗೆಲ್ಲ ಆಗುವುದಿಲ್ಲ ಯಜಮಾನರೇ, ವಿಕಾಸಕ್ಕೆ ಎಷ್ಟೋ ತಲೆಮಾರು ಬೇಕು.’

‘ಯಾರ ತಲೆಮಾರು ಸಾರ್? ಹಸುವಿನದೋ, ನನ್ನದೋ?’

ಇದಕ್ಕೆ ಉತ್ತರವಾಗಿ ಚಹಾ ವಿರಾಮ ಘೋಷಿಸಲಾಯಿತು.

ಹೊಂದಾಣಿಕೆ ಎನ್ನುವ ಮಾತನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಬಂದು ಕಲಿಸಬೇಕಾಗಿಲ್ಲ. ಹೊಡೆಯುವ ಗಂಡನ ಮನೆಗೆ ಮಗಳನ್ನು ವಾಪಸ್ಸು ಕಳುಹಿಸುವಾಗ ಹೇಳುವುದು ಇದನ್ನೇ. ಚುನಾವಣೆ ಬಂದಾಗ ವೈರಿಗಳಿಬ್ಬರು ತಬ್ಬಿಕೊಳ್ಳುವುದಕ್ಕೂ ಇದೇ ಹೆಸರು. ಬಂಗಾರಪೇಟೆ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಮೂವರ ಸೀಟಿಗೆ ಆರನೆಯವನು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎನ್ನುತ್ತಾನೆ. ಗಮನಿಸಿ ನೋಡಿ, ಹೊಂದಿಕೊಳ್ಳಿ ಎನ್ನುವವನು ಯಾವತ್ತೂ ಹೊಂದಿಕೊಳ್ಳಬೇಕಾದವನಲ್ಲ. ಆ ರೈಲಿನಲ್ಲಿ ಇರುವವರಲ್ಲಿ ಎಷ್ಟೋ ಜನ ಬೋರ್‌ವೆಲ್ ಬತ್ತಿದ ಮೇಲೆ ಅಪಾರ್ಟ್‌ಮೆಂಟಿನ ಗೇಟು ಕಾಯುವುದಕ್ಕೆ ಹೊರಟವರು. ರೈತ ಹವಾಮಾನಕ್ಕೆ ಹೊಂದಿಕೊಂಡ ಎಂದು ವರದಿಯಲ್ಲಿ ಬರೆದರೆ ಬಹುಶಃ ಇವರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅವರ ಸಮವಸ್ತ್ರದ ಬಣ್ಣವೂ ಬೇರೆಯಾಗಿರುತ್ತದೆ, ಥೇಟು ಮ್ಯಾಂಚೆಸ್ಟರಿನ ಪತಂಗದ ಹಾಗೆ.

ಆ ಪತಂಗದ ಕಥೆ ಅತಿಥಿಗಳ ಎರಡನೇ ಚಿತ್ರವಾಗಿತ್ತು. ಅರ್ಧ ಹೇಳಿ ಬಿಟ್ಟರು, ಉಳಿದದ್ದನ್ನು ನಾನು ಹೇಳುತ್ತೇನೆ. ಇಂಗ್ಲೆಂಡಿನ ಕಾರ್ಖಾನೆಗಳ ಹೊಗೆಗೆ ಮರದ ಕಾಂಡಗಳು ಕಪ್ಪಾದವು. ಅವುಗಳ ಮೇಲೆ ಕೂರುತ್ತಿದ್ದ ಬಿಳಿ ಪತಂಗಗಳು ಹಕ್ಕಿಗಳ ಕಣ್ಣಿಗೆ ಎದ್ದು ಕಂಡವು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಪ್ಪು ಪತಂಗವೊಂದು ಸಿಕ್ಕಿದ್ದು ಸುದ್ದಿಯಾಗಿತ್ತು; ಆ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ನೂರಕ್ಕೆ ತೊಂಬತ್ತೆಂಟು ಕಪ್ಪು. ಪತಂಗ ಹೊಂದಿಕೊಂಡಿತು ಎಂದು ಅತಿಥಿಗಳು ಇಲ್ಲಿಗೆ ನಿಲ್ಲಿಸಿದರು. ಯಾವ ಬಿಳಿ ಪತಂಗವೂ ಮನಸ್ಸು ಮಾಡಿ ಕಪ್ಪಾಗಲಿಲ್ಲ. ಹೊಂದಿಕೊಂಡದ್ದು ಪತಂಗದ ಜಾತಿ. ಪತಂಗವನ್ನು ಹಕ್ಕಿ ತಿಂದಿತು. ಇನ್ನು 1956ರಲ್ಲಿ ಬ್ರಿಟನ್ ಹೊಗೆ ತಡೆಯುವ ಕಾಯಿದೆ ತಂದು, ಮುಂದೆ ಗಾಳಿ ತಿಳಿಯಾಗುತ್ತ ಹೋದಾಗ ಬಿಳಿಯವು ಮತ್ತೆ ಹೆಚ್ಚಿದವು. ಆ ಚಿತ್ರ ಅತಿಥಿಗಳ ಬಳಿ ಇರಲಿಲ್ಲವೋ, ಊಟಕ್ಕೆ ಹೊತ್ತಾಗಿತ್ತೋ.

ಕೋಲಾರದಲ್ಲಿ ನಿಜವಾಗಿ ವಿಕಾಸ ಹೊಂದಿದ ಜೀವಿ ಯಾವುದೆಂದರೆ ಬೋರ್‌ವೆಲ್. ನಮ್ಮ ತಾತನ ಕಾಲದಲ್ಲಿ ತೆರೆದ ಬಾವಿ ಇತ್ತು, ಕಪಿಲೆ ಹೊಡೆಯುತ್ತಿದ್ದರು, ಕೆರೆಯ ತೂಬು ಎತ್ತುವುದಕ್ಕೆ ನೀರುಗಂಟಿ ಇದ್ದ. ಅಪ್ಪನ ಕಾಲಕ್ಕೆ ಇನ್ನೂರು ಅಡಿಯ ಕೊಳವೆ ಬಂತು. ನನ್ನ ಕಾಲಕ್ಕೆ ಸಾವಿರದ ಇನ್ನೂರು, ಸಾವಿರದ ಐನೂರು. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟು ತೋರಿಸುವವರ ದಕ್ಷಿಣೆಯೂ ಅದೇ ಆಳದಲ್ಲಿ ಏರಿದೆ. ದೊಡ್ಡಪ್ಪ ಏಳು ಕೊರೆಸಿದರು; ಆರರಲ್ಲಿ ಬಂದದ್ದು ಬಿಳಿ ಹುಡಿ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಬೋರ್ ಕೊರೆಯುವ ರಿಗ್ ಲಾರಿ ರಾತ್ರಿಯಿಡೀ ಮೊರೆದು ಬೆಳಗ್ಗೆ ಹೊರಟಾಗ ಹಳ್ಳಿಗೆ ಹಳ್ಳಿಯೇ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಹಾಗೆಂದು ನಿರಾಶರಾಗಬೇಕಿಲ್ಲ. ಪಕ್ಕದ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿಯನ್ನು ಚಿನ್ನಕ್ಕಾಗಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಸಿದ್ದರು. ನಾವು ನೀರಿಗಾಗಿ ಇನ್ನೂ ಅರ್ಧ ಕಿಲೋಮೀಟರನ್ನೂ ಮುಟ್ಟಿಲ್ಲ. ವಿಕಾಸಕ್ಕೆ ಜಾಗ ಬೇಕಾದಷ್ಟಿದೆ.

ಪರಿಹಾರಗಳಿಗೂ ಬರವಿಲ್ಲ, ಬರವಿರುವುದು ಮಳೆಗೆ ಮಾತ್ರ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಎಂಥ ಮಣ್ಣಿಗೂ ಹೊಂದಿಕೊಳ್ಳುವ ಮರ ಎಂದು ಹೊಗಳಿದರು. ಅದು ಮಾತು ಉಳಿಸಿಕೊಂಡಿತು. ಅದು ನೆಲದ ನೀರು ಹೀರಿ ಹೊಂದಿಕೊಂಡ ಪರಿ ನೋಡಿ ಹೆದರಿ 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬಾರದು ಎಂದಿತು. ನಂತರ ಕೆ.ಸಿ. ವ್ಯಾಲಿ. ಬೆಂಗಳೂರಿನವರು ಫ್ಲಶ್ ಮಾಡಿದ್ದನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂದಾಗ ಪೂಜೆಯಾಯಿತು; ಮರು ತಿಂಗಳು ನೊರೆ ಬಂತು. ಕೆರೆಗಳು ತುಂಬಿದ್ದು ಸುಳ್ಳಲ್ಲ, ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆದ್ದದ್ದೂ ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಮೂರನೇ ಹಂತದ ಶುದ್ಧೀಕರಣ ಕೇಳಿದರೆ ಮಾತ್ರ ಮತ್ತದೇ ಮಾತು: ಸ್ವಲ್ಪ ಹೊಂದಿಕೊಳ್ಳಿ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ವಿಷಯ ಎತ್ತುವುದಿಲ್ಲ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾದ ವರ್ಷ ಹುಟ್ಟಿದ ನನ್ನ ತಮ್ಮನ ಮಗನಿಗೆ ಈಗ ಧ್ವನಿ ಒಡೆಯುತ್ತಿದೆ.

ಮಧ್ಯಾಹ್ನದ ಊಟಕ್ಕೆ ಮುದ್ದೆ ಇತ್ತು, ಚಿಕ್ಕದು, ನಿಂಬೆಹಣ್ಣಿನ ಗಾತ್ರದ್ದು. ‘ರಾಗಿಯೇ ಭವಿಷ್ಯದ ಬೆಳೆ’ ಎಂದು ಅತಿಥಿಗಳು ಚಮಚದಲ್ಲಿ ಕತ್ತರಿಸುತ್ತ ಹೇಳಿದರು. ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಬಂದು, ಅರೆಹೊಟ್ಟೆ ಮಳೆಯಲ್ಲೂ ತೆನೆ ಕಟ್ಟುವುದನ್ನು ಕಲಿತ ಬೆಳೆ ಅದು. ಹೊಂದಾಣಿಕೆಯ ಪಾಠ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ರಾಗಿಗೇ. ಆದರೆ ಅದನ್ನು ಬಿಟ್ಟು ಟೊಮೆಟೊ ಹಾಕಿ, ಕೈ ತುಂಬ ಕಾಸು ನೋಡಿ ಎಂದು ನಮಗೆ ಹೇಳಿದ್ದು ಇಂಥದೇ ಇನ್ನೊಂದು ಕಾರ್ಯಾಗಾರ. ಆಗಲೂ ಪ್ರಮಾಣಪತ್ರ ಕೊಟ್ಟಿದ್ದರು. ದೊಡ್ಡಪ್ಪನ ಮನೆಯ ಗೋಡೆಯ ಮೇಲೆ ಈಗಲೂ ಇದೆ.

ಸಂಜೆ ಎಲ್ಲರೂ ಹೊರಟ ಮೇಲೆ ದೊಡ್ಡಪ್ಪ ಮಾತ್ರ ಕದಲಲಿಲ್ಲ. ವೇದಿಕೆಯ ಹಿಂದೆ ಕಟ್ಟಿದ್ದ ಹನ್ನೆರಡು ಅಡಿಯ ಫ್ಲೆಕ್ಸನ್ನು ನೋಡುತ್ತ ನಿಂತಿದ್ದರು. ಕಾವಲಿನ ಹುಡುಗನನ್ನು ಕೇಳಿದರು: ‘ಏನಪ್ಪ, ಇದನ್ನು ಏನು ಮಾಡುತ್ತೀರಿ?’

‘ಸುಟ್ಟುಹಾಕುತ್ತೇವೆ ತಾತ.’

‘ಹಾಗಾದರೆ ನನಗೆ ಕೊಟ್ಟುಬಿಡು.’

ಮೊನ್ನೆ ಊರಿಗೆ ಹೋಗಿದ್ದೆ. ಕೊಟ್ಟಿಗೆಯ ತಗಡಿನ ಮೇಲೆ ಒದ್ದೆ ಹುಲ್ಲು ಹಾಸಿ, ಅದರ ಮೇಲೆ ಫ್ಲೆಕ್ಸನ್ನು ಬಿಗಿದು ಕಟ್ಟಿದ್ದಾರೆ. ಅಂಚು ಮುಂದಕ್ಕೆ ಇಳಿಬಿದ್ದಿದೆ. ಮುಖ್ಯ ಅತಿಥಿಗಳ ಮುಖ ಸರಿಯಾಗಿ ಗೋದಲಿಯ ನೇರಕ್ಕೆ ಬರುತ್ತದೆ. ಅದರ ನೆರಳಿನಲ್ಲಿ ಸೀಮೆಹಸು ಬಾಯಿ ಮುಚ್ಚಿಕೊಂಡು ಮೆಲುಕು ಹಾಕುತ್ತಿತ್ತು.

‘ಹೇಗಿದೆ ದೊಡ್ಡಪ್ಪ?’ ಎಂದೆ.

‘ಡೇರಿಗೆ ಅರ್ಧ ಲೀಟರ್ ಹೆಚ್ಚಾಗಿ ಹಾಕುತ್ತಿದ್ದೇನೆ’ ಎಂದರು. ‘ಇನ್ನೊಂದು ಕಾರ್ಯಾಗಾರ ಯಾವಾಗಂತೆ? ಎಮ್ಮೆಗೂ ಒಂದು ಬೇಕಾಗಿತ್ತು.’