16 ಅಡಿಯೋ, 17 ಅಡಿಯೋ

ದೋಣಿಯನ್ನು ಒಮ್ಮೆ ನೀರಿಗಿಳಿಸಿ ತೋರಿಸುತ್ತೀರಾ ಎಂದು ಕೇಳಿದ್ದಕ್ಕೆ ದೋಣಿ ಮಾರುವವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. “ನೀರಿಗಿಳಿದ ಮೇಲೆ ಅದನ್ನು ಹೊಸ ದೋಣಿ ಅಂತ ಯಾರಿಗೆ ಮಾರಲಿ ಸಾರ್?” ಎಂದು ಅವರು ನನ್ನನ್ನೇ ಕೇಳಿದರು. ತೇಲುವುದನ್ನೇ ಕಸುಬಾಗಿಸಿಕೊಂಡ ವಸ್ತುವನ್ನು ಟ್ರೈಲರಿನ ಮೇಲೆ ಒಣಗಲು ಬಿಟ್ಟು, ಗಿರಾಕಿಯು ಅದನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ತಲೆಯಾಡಿಸಿ ಆರಿಸಿಕೊಳ್ಳಬೇಕೆಂಬುದು ಅವರ ನಿರೀಕ್ಷೆ. ನಾನೂ ತಟ್ಟಿದೆ. 16 ಅಡಿಯ ದೋಣಿಯೂ 17 ಅಡಿಯ ದೋಣಿಯೂ ಚಾಚೂ ತಪ್ಪದೆ ಒಂದೇ ಸದ್ದು ಮಾಡಿದವು.

ಮೊಣಕಾಲು ಮುಳುಗದ ನೀರಿನಲ್ಲಿ ಗಾಳ ಹಾಕುವ ಹುಚ್ಚು ಹಿಡಿದವರಿಗೆಲ್ಲ ಈ ಸಂಕಟ ಗೊತ್ತಿರುತ್ತದೆ. 12 ಅಡಿಗೂ 20 ಅಡಿಗೂ ನಡುವೆ ಆಯ್ಕೆ ಮಾಡುವುದು ಯಾರಿಗೂ ಕಷ್ಟವಲ್ಲ. ತಲೆ ತಿನ್ನುವುದು ಅಕ್ಕಪಕ್ಕದಲ್ಲಿ ನಿಂತ 16, 17, 18 ಅಡಿಯ ಅಣ್ಣತಮ್ಮಂದಿರು. ನೋಡಲು ಒಂದೇ ಮುಖ, ಒಂದೇ ಬಣ್ಣ, ಒಂದೇ ವಾಗ್ದಾನ. ಅದರ ಮೇಲೆ, ಹೆಸರಿನಲ್ಲಿರುವ ಅಂಕಿಯನ್ನು ನಂಬುವಂತೆಯೂ ಇಲ್ಲ. ನಾನು ಟೇಪು ಹಿಡಿದು ಅಳೆದಾಗ ‘17’ ಎಂದು ಬರೆದಿದ್ದ ದೋಣಿ 16 ಅಡಿ 10 ಅಂಗುಲವಿತ್ತು, ‘16’ ಎಂದು ಬರೆದಿದ್ದುದು 16 ಅಡಿ 4 ಅಂಗುಲವಿತ್ತು. ಅಂದರೆ ನಾವು ನಿದ್ದೆಗೆಟ್ಟು ಚರ್ಚಿಸುತ್ತಿದ್ದ ಒಂದು ಅಡಿ, ನಿಜದಲ್ಲಿ ಅರ್ಧ ಅಡಿ. ಸಣ್ಣ ದೋಣಿಗಳ ಉದ್ದವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂದು ಹೇಳುವ ಐಎಸ್‌ಒ 8666 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ದೋಣಿಯ ಒಡಲಿನ ಉದ್ದ ಬೇರೆ, ಅದಕ್ಕೆ ತಗಲಿಸಿದ ಸಾಮಾನುಗಳನ್ನೂ ಸೇರಿಸಿದ ಗರಿಷ್ಠ ಉದ್ದ ಬೇರೆ ಎಂದು ಅದು ಸ್ಪಷ್ಟವಾಗಿ ವಿಂಗಡಿಸುತ್ತದೆ. ದೋಣಿಗೆ ಹೆಸರಿಡುವವರು ಮಾತ್ರ ಆ ಪುಟವನ್ನು ತಿರುವಿದಂತೆ ಕಾಣುವುದಿಲ್ಲ.

ಇನ್ನು ಡ್ರಾಫ್ಟ್ ಎಂಬ ಮಹಾಕಾವ್ಯ. ದೋಣಿಯ ತಳ ನೀರಿನೊಳಗೆ ಎಷ್ಟು ಇಳಿಯುತ್ತದೆ ಎಂಬ ಈ ಒಂದೇ ಅಂಕಿಗಾಗಿ ನಾವೆಲ್ಲ ಬಣ್ಣದ ಪುಸ್ತಿಕೆಗಳನ್ನು ಕಂಠಪಾಠ ಮಾಡುತ್ತೇವೆ. 16ಕ್ಕೆ 6 ಅಂಗುಲ, 17ಕ್ಕೂ 6 ಅಂಗುಲ ಎಂದು ಅಚ್ಚಾಗಿತ್ತು. ಯಾವ ಸ್ಥಿತಿಯಲ್ಲಿ 6 ಅಂಗುಲ ಎಂದು ಕೇಳಿದಾಗ ತಿಳಿದದ್ದೇನೆಂದರೆ, ಅದು ಪೆಟ್ರೋಲಿಲ್ಲದ, ಬ್ಯಾಟರಿಯಿಲ್ಲದ, ಮೀನು ಹಿಡಿಯುವವನೂ ಇಲ್ಲದ ದೋಣಿಯ ಅಳತೆ. ಎಂಜಿನನ್ನು ನೀರಿಗಿಳಿಸಿದೊಡನೆ ಪ್ರೊಪೆಲ್ಲರಿನ ತುದಿ ತಳಕ್ಕಿಂತ ಸುಮಾರು ಒಂದಡಿ ಕೆಳಗಿರುತ್ತದೆ ಎಂಬುದಾಗಲಿ, ವೇಗ ಹಿಡಿಯುವ ಮುನ್ನ ದೋಣಿಯು ಬೆನ್ನು ಕುಸಿದು ಇನ್ನಷ್ಟು ನೀರು ಬೇಡುತ್ತದೆ ಎಂಬುದಾಗಲಿ ಪುಸ್ತಿಕೆಯ ಕವಿಗೆ ಸಂಬಂಧಪಟ್ಟ ವಿಷಯವಲ್ಲ.

ಇಷ್ಟಾದರೂ ನಾನು ಶಾಂತನಾಗಿರುತ್ತಿದ್ದೆನೇನೋ; ಆದರೆ ದೋಣಿಯಲ್ಲಿ ನನಗೆ ಅರ್ಧ ಪಾಲುದಾರರಾಗಿರುವವರು ನಮ್ಮ ಭಾವ. ಅಕ್ಕನ ಗಂಡನಾದ ಈ ಮಹನೀಯರಿಗೆ ಯಾವ ವಸ್ತುವನ್ನೇ ಕೊಳ್ಳಲಿ, ಅದನ್ನು ನಿಜ ಗಾತ್ರದಲ್ಲಿ ಚಿತ್ರ ಬರೆದು ನೋಡದ ಹೊರತು ಸಮಾಧಾನವಿಲ್ಲ. ಹಾಗಾಗಿ ಒಂದು ಸಂಜೆ ಅವರ ಮನೆಯ ತಾರಸಿಗೆ ಹೋದಾಗ, ಅಲ್ಲಿ ಸೀಮೆಸುಣ್ಣದಿಂದ ಬರೆದ ಮೂರು ದೋಣಿಗಳು ಒಂದರೊಳಗೊಂದು ಮಲಗಿದ್ದವು. 16ಕ್ಕೆ ಬಿಳಿ, 17ಕ್ಕೆ ಹಳದಿ, 18ಕ್ಕೆ ಗುಲಾಬಿ. ಮೂರರ ಹಿಂಭಾಗವೂ ಒಂದೇ ಗೆರೆಯ ಮೇಲೆ ಕೂಡುತ್ತಿತ್ತು. ಮುಂದಿನ ಮೂತಿಗಳು ಮಾತ್ರ ನೀರಿನ ತೊಟ್ಟಿಯತ್ತ ಒಂದೊಂದೇ ಅಡಿ ಮುಂದೆ ಚಾಚಿದ್ದವು.

“ಹತ್ತು, ಬಿಳಿ ದೋಣಿಗೆ ಹತ್ತು” ಎಂದರು ಭಾವ. ನಾನು ಸಮತಟ್ಟಾದ ತಾರಸಿಯ ಮೇಲೆ, ಏಕೆಂದು ನನಗೂ ತಿಳಿಯದಂತೆ, ಕಾಲೆತ್ತಿ ಗೆರೆ ದಾಟಿ ಒಳಗೆ ಹೋದೆ. ನನಗೆ ಮೂತಿಯಲ್ಲಿ ನಿಂತು ಗಾಳ ಬೀಸುವವನ ಪಾತ್ರ. ಅಕ್ಕನ ಮಗನಿಗೆ ಎಂಜಿನ್ ಪಾತ್ರ. ಅವನು ಹಿಂದಿನ ಗೆರೆಯ ಆಚೆಗೆ, ಕೈಯಲ್ಲಿ ಮೊಬೈಲ್ ಹಿಡಿದು, ಯಾವ ಎಂಜಿನ್ನೂ ನಿಲ್ಲದಷ್ಟು ಬೇಸರದಿಂದ ನಿಂತಿದ್ದ. ಅಕ್ಕನನ್ನು ಮಧ್ಯದಲ್ಲಿ ಕುರ್ಚಿ ಹಾಕಿ ಕೂರಿಸಿ ಪೆಟ್ರೋಲ್ ಟ್ಯಾಂಕ್ ಎಂದು ಘೋಷಿಸಲಾಯಿತು. ಭಾವ ತಾವೇ ಸ್ಟೂಲಿನ ಮೇಲೆ ಹತ್ತಿ, ಬಟ್ಟೆ ಒಣಗಿಸುವ ಗಳವನ್ನು ಎತ್ತಿಕೊಂಡು, ಇಲ್ಲದ ಕೆಸರಿಗೆ ಅದನ್ನು ಊರಿ, ದೋಣಿಯನ್ನು ಸದ್ದಿಲ್ಲದೆ ಮುಂದಕ್ಕೆ ತಳ್ಳತೊಡಗಿದರು.

“ಈಗ ಬೀಸು!”

ಬೀಸಿದೆ. ಹಿಂದಕ್ಕೆ ಹೋದ ಗಾಳದ ಕೋಲಿನ ತುದಿ ಭಾವನ ಗಳಕ್ಕೆ ತಗಲಿತು. ಅವರು ಅದನ್ನೇ ಸಾಕ್ಷಿಯಾಗಿ ಹಿಡಿದರು. “ಕಂಡೆಯಾ? 16ರಲ್ಲಿ ಇಬ್ಬರ ನಡುವೆ ಜಾಗ ಸಾಲದು. ನಡಿ, ಹಳದಿಗೆ ನಡಿ.” ನಾನು ಒಂದು ಅಡಿ ಮುಂದೆ ಹೋಗಿ ಹಳದಿ ಮೂತಿಯಲ್ಲಿ ನಿಂತು ಮತ್ತೆ ಬೀಸಿದೆ, ಕೋಲು ಈ ಬಾರಿ ಬಟ್ಟೆ ಒಣಗಿಸುವ ತಂತಿಗೆ ಸಿಕ್ಕಿಕೊಂಡಿತು. ತಂತಿಯು ದೋಣಿಯ ಭಾಗವಲ್ಲವೆಂದೂ, ಆದ್ದರಿಂದ ಆ ಫಲಿತಾಂಶವನ್ನು ಪರಿಗಣಿಸಲಾಗದೆಂದೂ ಭಾವ ತೀರ್ಪಿತ್ತರು. ಗುಲಾಬಿ ದೋಣಿಯ ಮೂತಿಗೆ ಹೋದಾಗ ನನ್ನ ಎದೆ ನೀರಿನ ತೊಟ್ಟಿಗೆ ಒತ್ತಿಕೊಂಡಿದ್ದರಿಂದ ಗಾಳ ಬೀಸುವ ಪ್ರಶ್ನೆಯೇ ಉಳಿಯಲಿಲ್ಲ. ಎಂಜಿನ್ ತಾನಾಗಿಯೇ ಕೆಳಗಿಳಿದು ಹೋಯಿತು. ಅಷ್ಟೂ ಹೊತ್ತು ತುಟಿ ಬಿಚ್ಚದೆ ಕುಳಿತಿದ್ದ ಪೆಟ್ರೋಲ್ ಟ್ಯಾಂಕ್, “ಅಲ್ಲ, ಇಷ್ಟು ಜನ ಹತ್ತಿದ ಮೇಲೆ ಮೀನನ್ನು ಎಲ್ಲಿ ಇಡುತ್ತೀರಿ?” ಎಂದು ಕೇಳಿತು. ಯಾರಲ್ಲಿಯೂ ಉತ್ತರವಿರಲಿಲ್ಲ. ನಮ್ಮ ಈವರೆಗಿನ ಮೀನುಗಾರಿಕೆಯನ್ನು ಗಮನಿಸಿದರೆ ಅದು ತುರ್ತಾಗಿ ಬಗೆಹರಿಸಬೇಕಾದ ಸಮಸ್ಯೆಯೂ ಅಲ್ಲ.

ಆ ರಾತ್ರಿ ಮಳೆ ಬಂದು ಮೂರೂ ದೋಣಿಗಳನ್ನು ತೊಳೆದುಕೊಂಡು ಹೋಯಿತು. ಮರುದಿನ ಭಾವ ಮತ್ತೆ ಬರೆದ ಬಿಳಿ ದೋಣಿ ಏಕೋ ಹಿಂದಿನದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು. ನಾನು ಟೇಪು ಕೇಳಿದೆ. ಟೇಪು ಸಿಗುತ್ತಿಲ್ಲವೆಂದರು.

ರೇಗಿಹೋದ ನಾನು ಮನೆಗೆ ಬಂದು ಕಾಗದ ಹಿಡಿದು ಕುಳಿತೆ. ಆರ್ಕಿಮಿಡೀಸ್ ಹೇಳಿದಂತೆ ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆದ್ದರಿಂದ ದೋಣಿ ನೀರಿನ ಮೇಲೆ ಎಷ್ಟು ಜಾಗ ಹರಡಿಕೊಂಡಿದೆ ಎಂಬುದು ತಿಳಿದರೆ, ಅದು ಎಷ್ಟು ಭಾರಕ್ಕೆ ಎಷ್ಟು ಇಳಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. 16 ಅಡಿಯ ದೋಣಿಯ ಹರವು ಸುಮಾರು 6.5 ಚದರ ಮೀಟರ್ ಎಂದಿಟ್ಟುಕೊಂಡರೆ ಸಿಹಿನೀರಿನಲ್ಲಿ ಪ್ರತಿ 65 ಕಿಲೋ ಭಾರಕ್ಕೆ ಅದು ಒಂದು ಸೆಂಟಿಮೀಟರ್ ಇಳಿಯುತ್ತದೆ. ತುಸು ಅಗಲವೂ ಹೆಚ್ಚಿರುವ 17 ಅಡಿಯದಕ್ಕೆ 7.6 ಚದರ ಮೀಟರ್ ಹಿಡಿದರೆ ಒಂದು ಸೆಂಟಿಮೀಟರಿಗೆ 76 ಕಿಲೋ ಬೇಕು. ನಾವು ಮೂವರು, ಪೆಟ್ರೋಲು, ಬ್ಯಾಟರಿ ಎಲ್ಲ ಸೇರಿ 300 ಕಿಲೋ ಎಂದುಕೊಂಡರೆ ಮೊದಲನೆಯದು 4.6 ಸೆಂಟಿಮೀಟರ್, ಎರಡನೆಯದು 3.9 ಸೆಂಟಿಮೀಟರ್ ಇಳಿಯುತ್ತದೆ. ಒಂದು ಬೆರಳಿನ ಅಗಲಕ್ಕೂ ಸಾಲದ ಈ ಲಾಭವನ್ನು, ದೊಡ್ಡ ದೋಣಿಯ ಸ್ವಂತ ತೂಕ 60 ಕಿಲೋ ಹೆಚ್ಚಾದರೆ ಸಾಕು, ಪೂರ್ತಿಯಾಗಿ ನುಂಗಿಹಾಕುತ್ತದೆ. ಪುಸ್ತಿಕೆಯ ಎರಡೂ 6 ಅಂಗುಲಗಳು ಅಷ್ಟರಮಟ್ಟಿಗೆ ಪ್ರಾಮಾಣಿಕವೆಂದೇ ಹೇಳಬೇಕು. ಸ್ಟೂಲಿನ ಮೇಲೆ ನಿಂತ ಭಾವ ಹಿಂದಿನ ತುದಿಯಿಂದ ಇಳಿದು ಎರಡು ಹೆಜ್ಜೆ ಮುಂದೆ ಬಂದರೆ ದೋಣಿಯ ಹಿಂಭಾಗ ಇದಕ್ಕಿಂತ ಹೆಚ್ಚು ಮೇಲೇಳುತ್ತದೆ. ಆ ಮಾತನ್ನು ಅವರಿಗೆ ಹೇಳುವ ಧೈರ್ಯವಿರುವವರು ಯಾರಾದರೂ ಇದ್ದರೆ ಮುಂದೆ ಬರಲಿ.

ಹಾಗಾದರೆ ಆ ಅಡಿ ಏನೂ ಅಲ್ಲವೇ ಎಂದರೆ, ಹಾಗೂ ಅಲ್ಲ. ಉದ್ದನೆಯ ದೋಣಿ ಪುಟ್ಟ ಅಲೆಗಳ ಮೇಲೆ ಹದವಾಗಿ ಹೋಗುತ್ತದೆ, ಇಬ್ಬರು ನಿಂತಾಗ ಹೆಚ್ಚು ವಾಲುವುದಿಲ್ಲ, ಬೀಸಿದ ಗಾಳ ಜೊತೆಯವನ ಕಿವಿಗೆ ಸಿಗುವ ಸಂಭವವೂ ಕಡಿಮೆ. ಆದರೆ ಅಡ್ಡಗಾಳಿ ಬೀಸಿದಾಗ ಗಾಳಿಗೆ ಸಿಗುವ ಮೈಯೂ ಹೆಚ್ಚು. ಅದನ್ನು ಗಳ ಊರಿ ಮಧ್ಯಾಹ್ನದವರೆಗೆ ತಳ್ಳುವವನ ರಟ್ಟೆ ಯಾರದೆಂಬ ಪ್ರಶ್ನೆಯೂ ಇದೆ. ಉದ್ದ ಹೆಚ್ಚಿತೆಂದರೆ ಎಂಜಿನ್ ದೊಡ್ಡದು ಬೇಕೆನಿಸುತ್ತದೆ, ನಾಲ್ಕು ಸ್ಟ್ರೋಕಿನ 60 ಅಶ್ವಶಕ್ತಿಯ ಎಂಜಿನ್ ಎಂದರೆ 110 ಕಿಲೋ ಆಸುಪಾಸಿನ ಭಾರ, ಅದಕ್ಕೆ ತಕ್ಕಂತೆ ಟ್ಯಾಂಕೂ ದೊಡ್ಡದು, ಆ ಅಷ್ಟೂ ಭಾರ ಹಿಂದೆಯೇ ಕೂತು ದೋಣಿಯು ಮೂತಿ ಎತ್ತಿ ಹಿಂಭಾಗವನ್ನು ಕೆಸರಿಗೆ ತಾಗಿಸುತ್ತದೆ; ಆಗ ಕಡಿಮೆ ನೀರಿಗೆಂದೇ ತಂದ ದೋಣಿಗಾಗಿ ಹೆಚ್ಚು ನೀರು ಹುಡುಕಿಕೊಂಡು ಹೋಗಬೇಕಾಗುತ್ತದೆ. ತಳದ ಆಕಾರ ಈ ಎಲ್ಲಕ್ಕಿಂತ ಮುಖ್ಯವೆಂಬುದು ನನ್ನ ನಂಬಿಕೆ. ಚಪ್ಪಟೆ ತಳ ಕಡಿಮೆ ನೀರಿನಲ್ಲಿ ತೇಲುತ್ತದೆ, ಅಲೆಯಲ್ಲಿ ಸೊಂಟ ಮುರಿಯುತ್ತದೆ; ವಿ ಆಕಾರದ ತಳ ಸೊಂಟ ಉಳಿಸುತ್ತದೆ, ಆಳ ಕೇಳುತ್ತದೆ. ಅಂಚಿಗೆ ನೀರು ಬಡಿದು ಪಟಪಟ ಎನ್ನುವ ದೋಣಿಯಾದರೆ ಉದ್ದ ಎಷ್ಟಿದ್ದರೂ ಮೀನಿಗೆ ಮುಂಚಿತವಾಗಿಯೇ ಸುದ್ದಿ ಮುಟ್ಟಿರುತ್ತದೆ.

17 ಅಡಿ ಬೇಕೆಂಬ ಭಾವನ ವಾದವೆಲ್ಲ ನಿಂತಿರುವುದು ಮೂರನೆಯ ಆಸನದ ಮೇಲೆ. ಅದು ಹುಡುಗನಿಗೆ. ಅವನು ಚಿಕ್ಕವನಿದ್ದಾಗ ಬಾಡಿಗೆ ದೋಣಿಯಲ್ಲಿ ನಮ್ಮಿಬ್ಬರ ಕಾಲುಗಳ ನಡುವೆ ಕುಳಿತು, ಹಿಡಿದ ಮೀನನ್ನೆಲ್ಲ ವಾಪಸು ಬಿಡಿ ಎಂದು ಅಳುತ್ತಿದ್ದ. ಆಗ ಜಾಗ ಸಾಲದೆಂದು ಯಾರಿಗೂ ಅನ್ನಿಸಿರಲಿಲ್ಲ. ಮುಂದಿನ ವರ್ಷ ಅವನು ಓದಲು ದೂರ ಹೋಗುತ್ತಾನೆ. ಈ ಸಂಗತಿ ನನಗೂ ಗೊತ್ತು, ಭಾವನಿಗೂ ಗೊತ್ತು. ಆದರೂ ನಾನು “ಮೂರನೆಯವರು ಯಾರು ಬರುತ್ತಾರೆ ಭಾವ?” ಎಂದು ಒಮ್ಮೆ ಬಾಯಿ ತಪ್ಪಿ ಕೇಳಿದಾಗ ಅವರು ಹಳದಿ ಗೆರೆಯನ್ನು ಇನ್ನೊಮ್ಮೆ ತಿದ್ದಿ, “ರಜೆ ಅಂತ ಇರುತ್ತದಲ್ಲ ಮಾರಾಯ” ಎಂದರು. ಆಮೇಲೆ ನಾನು ಆ ಲೆಕ್ಕದ ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ.

ಕೊನೆಗೆ 16 ಅಡಿಯದಕ್ಕೇ ಮನೆಯಲ್ಲಿ ಒಪ್ಪಿಗೆಯಾಯಿತು. ಮಗನೇ ಅಪ್ಪನಿಗೆ “ರಜೆಯಲ್ಲಿ ನಾನು ನಿದ್ದೆ ಮಾಡುತ್ತೇನೆ” ಎಂದು ಹೇಳಿದ್ದು ಇದಕ್ಕೆ ಕಾರಣವೇ ಹೊರತು ಆರ್ಕಿಮಿಡೀಸನಲ್ಲ. ತೆರೆದ ನೀರನ್ನು ದಾಟಿ ದೂರ ಹೋಗುವವರು 18 ಕೊಳ್ಳಲಿ, ನಿತ್ಯ ಮೂವರು ಹೋಗುವವರು 17 ಕೊಳ್ಳಲಿ. ದಡದ ಜೊಂಡಿನಂಚಿಗೆ ಮೂತಿ ತೂರಿಸುವುದಷ್ಟೇ ಕೆಲಸವಾಗಿರುವ ಇಬ್ಬರಿಗೆ ಸಣ್ಣ ಎಂಜಿನಿನ ಹಗುರವಾದ 16 ಧಾರಾಳವಾಯಿತು ಎಂದು ನಾನು ವಿವರಿಸಿದ್ದಕ್ಕೆ ಭಾವ ಆಶ್ಚರ್ಯಕರವಾಗಿ ತಲೆಯಾಡಿಸಿದರು. ಆದರೆ ನಿನ್ನೆ ಅವರ ಕೈಯಲ್ಲಿ ಬೇರೊಂದು ಪುಸ್ತಿಕೆಯಿತ್ತು. ಕೆಲವು ತಯಾರಕರಲ್ಲಿ 40 ಮತ್ತು 50 ಅಶ್ವಶಕ್ತಿಯ ಎಂಜಿನ್‌ಗಳು ಒಂದೇ ಎರಕದಿಂದ ಬರುತ್ತವಂತೆ, ತೂಕವೂ ಒಂದೇ ಅಂತೆ, ಹಾಗಿರುವಾಗ 40 ಏಕೆ, 50 ಏಕಲ್ಲ ಎಂಬುದು ಅವರ ಹೊಸ ಸಂದೇಹ. ಇದನ್ನೂ ತಾರಸಿಯ ಮೇಲೆ ಒಮ್ಮೆ ನೋಡಿಬಿಡೋಣ ಎಂದರು. ಎಂಜಿನ್ ಪಾತ್ರಕ್ಕೆ ಹುಡುಗ ಒಪ್ಪುವುದಿಲ್ಲವೆಂಬುದು ಅವರಿಗೂ ಗೊತ್ತಿದ್ದಂತಿದೆ, ಏಕೆಂದರೆ ಹೊರಡುವಾಗ ಬಾಗಿಲಿನವರೆಗೂ ಬಂದು, ಏನೋ ಮಾತಿಗೆ ಕೇಳುವವರಂತೆ, ಈಗ ನಿನ್ನ ತೂಕ ಎಷ್ಟಿದೆ ಎಂದು ವಿಚಾರಿಸಿದರು.