ಸೀಬೆಹಣ್ಣಿನ ಹಿಂಭಾಗ

ನೆರಳು ತಪ್ಪಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಕುಂಚ ಹಿಡಿದಾಗ ಸೀಬೆಹಣ್ಣಿನ ಬಲಕ್ಕೆ, ಬಿಳಿ ಬಟ್ಟೆಯ ಮೇಲೆ, ತುಂಬು ಗರ್ಭಿಣಿಯ ಹಾಗೆ ದುಂಡನೆಯ ನೆರಳು ಬಿದ್ದಿತ್ತು. ನಡುವೆ ಎದ್ದು ಹೋಗಿ ಕುಕ್ಕರ್ ಇಳಿಸಿ, ಸಾರಿಗೆ ಒಗ್ಗರಣೆ ಹಾಕಿ ಬಂದು ಕುಳಿತರೆ ಅದೇ ನೆರಳು ಬಡಕಲಾಗಿದೆ. ಹಣ್ಣು ಮಾತ್ರ ಇದ್ದಲ್ಲೇ ಇದೆ. ಮೋಡದ ಆಟವಿರಬೇಕು ಎಂದುಕೊಂಡೆ. ಶ್ರಾವಣ ಕಳೆಯುವವರೆಗೆ ಮೈಸೂರಿನ ಬಿಸಿಲನ್ನು ನಂಬಿ ಹಪ್ಪಳವನ್ನೂ ಒಣಗಿಸಲಾಗದು, ಇನ್ನು ನೆರಳನ್ನು ಬರೆಯಲಾಗುತ್ತದೆಯೇ? ಹಚ್ಚಿದ್ದ ಬಣ್ಣವನ್ನು ಒರೆಸಿ, ನೆರಳನ್ನು ತೆಳ್ಳಗೆ ಮಾಡಿದೆ.

ಆಗ ಬಟ್ಟೆಯ ಮೇಲೆ, ಬೆಳಿಗ್ಗೆ ಕಾಣದಿದ್ದ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಕಂಡವು. ಎರಡು ವರ್ಷದ ಅಭ್ಯಾಸ ಫಲ ಕೊಡುತ್ತಿದೆ, ಕಣ್ಣು ಪಳಗಿದೆ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಆ ಕೆಲಸವೂ ನನ್ನದೇ. ಅತಿ ಸಣ್ಣ ಕುಂಚ ತೆಗೆದುಕೊಂಡು ಆ ಚುಕ್ಕೆಗಳನ್ನೆಲ್ಲ ಉಸಿರು ಬಿಗಿಹಿಡಿದು ಒಂದೊಂದಾಗಿ ಇಟ್ಟೆ. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಂದು ಇರುವೆ ಸಾಲು ಬಂತು. ಸಾಲು ಹಣ್ಣಿನ ಹಿಂದಕ್ಕೆ ಹೋಗುತ್ತಿತ್ತು, ಮುಂದಕ್ಕೆ ಒಂದೂ ಬರುತ್ತಿರಲಿಲ್ಲ. ಹಿಂದೆ ಅಂಥದ್ದೇನಿದೆ ಎಂದು ಎದ್ದು ಹೋಗಿ ನೋಡಿದೆ.

ಹಣ್ಣಿಗೆ ಹಿಂಭಾಗವೇ ಇರಲಿಲ್ಲ.

ಮೇಲಿನಿಂದ ಕೆಳಗಿನವರೆಗೆ, ಸ್ಕೇಲು ಇಟ್ಟು ಗೆರೆ ಎಳೆದಷ್ಟು ನೇರವಾಗಿ, ಯಾರೋ ಅರ್ಧ ಸೀಬೆಯನ್ನು ಕತ್ತರಿಸಿ ತೆಗೆದಿದ್ದರು. ಉಳಿದ ಅರ್ಧ ಬೀಳದಂತೆ ಅದರ ಬೆನ್ನಿಗೆ ತಲೆನೋವಿನ ಮುಲಾಮಿನ ಪುಟ್ಟ ಸೀಸೆಯೊಂದನ್ನು ಆಸರೆ ಕೊಟ್ಟಿದ್ದರು. ಕೆಂಪು ಚುಕ್ಕೆಗಳು ಉಪ್ಪು ಬೆರೆಸಿದ ಖಾರದ ಪುಡಿ. ಆ ಮುಲಾಮನ್ನು ನಮ್ಮ ಮನೆಯಲ್ಲಿ ಹಚ್ಚಿಕೊಳ್ಳುವವರು ಒಬ್ಬರೇ.

ನಮ್ಮ ಮಾವನವರಿಗೆ ಎಂಬತ್ತೆರಡು. ಮೂವತ್ನಾಲ್ಕು ವರ್ಷ ಸರ್ಕಾರಿ ಲೆಕ್ಕ ತಪಾಸಣೆ ಮಾಡಿದವರು. ಊಟವಾದ ಮೇಲೆ ಹಣ್ಣು ತಿನ್ನದೆ ಅವರು ಕೈ ತೊಳೆದದ್ದನ್ನು ನಾನು ಮದುವೆಯಾಗಿ ಬಂದಂದಿನಿಂದ ಕಂಡಿಲ್ಲ. ಊಟಕ್ಕೆ ಮುಂಚೆ ತಿಂದದ್ದನ್ನೂ ಕಂಡಿರಲಿಲ್ಲ. ಇವತ್ತು ಅದೂ ಆಯಿತು. ಅವರ ದೃಷ್ಟಿಯಲ್ಲಿ ಹಣ್ಣಿಗೆ ಎರಡೇ ಗತಿ: ದೇವರ ಮುಂದೆ ಇಡುವುದು ಅಥವಾ ತಿನ್ನುವುದು. ಮೂರನೆಯದಾಗಿ ಸೊಸೆಯೊಬ್ಬಳು ಅದನ್ನು ಕಿಟಕಿಯ ಪಕ್ಕ ಕೂರಿಸಿ, ಒಂದು ಕಣ್ಣು ಮುಚ್ಚಿಕೊಂಡು, ನಾಲ್ಕು ದಿನ ನೋಡುತ್ತಾಳೆ ಎಂಬುದು ಅವರ ಲೆಕ್ಕದ ಯಾವ ಕಾಲಮ್ಮಿಗೂ ಸೇರುವುದಿಲ್ಲ.

ನಾನು ಬರೆಯುವುದು ಆರು ಇಂಚಿಗೆ ಎಂಟು ಇಂಚಿನ ಪುಟ್ಟ ಕ್ಯಾನ್ವಾಸ್ ಬೋರ್ಡಿನ ಮೇಲೆ. ಊಟದ ಮೇಜಿನ ಒಂದು ಮೂಲೆಯಷ್ಟೇ ನನ್ನ ಪಾಲಿಗೆ ಬಂದಿರುವುದರಿಂದ ಅದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಎರಡು ಹಣ್ಣು, ಒಂದು ಬಟ್ಟೆ, ಹೆಚ್ಚೆಂದರೆ ಒಂದು ಹಿತ್ತಾಳೆ ಲೋಟ. ಇದಕ್ಕೆ ಇಂಗ್ಲಿಷಿನಲ್ಲಿ ಸ್ಟಿಲ್ ಲೈಫ್, ಅಂದರೆ ಅಲುಗಾಡದ ಬದುಕು ಎನ್ನುತ್ತಾರೆ. ಫ್ರೆಂಚರು ಸತ್ತ ಪ್ರಕೃತಿ ಎನ್ನುತ್ತಾರೆ. ನಮ್ಮ ಮನೆಯ ಮಟ್ಟಿಗೆ ಫ್ರೆಂಚರೇ ಸರಿ.

ಫ್ರಾನ್ಸಿನ ಚಿತ್ರಕಾರ ಸೆಜಾನ್ 1899ರಲ್ಲಿ ತನ್ನ ಚಿತ್ರಗಳ ವ್ಯಾಪಾರಿ ವೊಲಾರನ ಭಾವಚಿತ್ರ ಬರೆಯಲು ಅವನನ್ನು 115 ಸಲ ಕೂರಿಸಿದ್ದನಂತೆ. ಪಾಪ, ಒಂದು ದಿನ ತೂಕಡಿಕೆ ಬಂದು ವೊಲಾರ್ ಕುರ್ಚಿಯ ಸಮೇತ ಉರುಳಿದ. ಸೇಬಿನ ಹಾಗೆ ಕೂರಬೇಕೆಂದು ಎಷ್ಟು ಸಲ ಹೇಳುವುದು, ಸೇಬು ಎಲ್ಲಾದರೂ ಅಲುಗಾಡುತ್ತದೆಯೇ ಎಂದು ಸೆಜಾನ್ ರೇಗಿದನಂತೆ. ಸೆಜಾನ್ ಒಂದು ವಾರ ನಮ್ಮ ಮನೆಯಲ್ಲಿ ಇದ್ದು ಹೋಗಬೇಕಿತ್ತು. ಸೇಬು ಅಲುಗಾಡುವುದಷ್ಟೇ ಅಲ್ಲ, ಎದ್ದು ನಡೆದು, ಹೋಳಾಗಿ, ಸ್ಟೀಲಿನ ತಟ್ಟೆಯಲ್ಲಿ ಕುಳಿತು, ಟೀವಿಯ ಎದುರಿಗೆ ಹೋಗುತ್ತದೆ.

ಹಣ್ಣು ತರುವಲ್ಲಿಂದಲೇ ಅವಮಾನ ಆರಂಭ. ನಮ್ಮ ರಸ್ತೆಗೆ ಬರುವ ತಳ್ಳುಗಾಡಿಯವನ ಬಳಿ ನಾನು ಹಣ್ಣನ್ನು ಒತ್ತಿ ನೋಡುವುದಿಲ್ಲ, ಮೂಸಿ ನೋಡುವುದಿಲ್ಲ. ಎತ್ತಿ ಬೆಳಕಿಗೆ ಹಿಡಿದು ತಿರುಗಿಸುತ್ತೇನೆ. ತೊಟ್ಟಿನಲ್ಲಿ ಒಂದು ಎಲೆ ಇರುವ ಸೀಬೆ ಬೇಕು, ಒಂದು ಕಡೆ ಮಚ್ಚೆ ಇದ್ದರೆ ಒಳ್ಳೆಯದು ಎನ್ನುತ್ತೇನೆ. "ಮಚ್ಚೆ ಇರುವುದೇ ಬೇಕೇ ಅಮ್ಮಾ?" ಎಂದು ಅವನು ಮೊದಮೊದಲು ಕೇಳುತ್ತಿದ್ದ. ಈಗ ಕೇಳುವುದಿಲ್ಲ, ಮಚ್ಚೆ ಬಿದ್ದದ್ದನ್ನೆಲ್ಲ ನನಗೆಂದೇ ಎತ್ತಿಡುತ್ತಾನೆ. ಬೆಲೆಯಲ್ಲಿ ಮಾತ್ರ ಒಂದು ರೂಪಾಯಿ ಇಳಿಸುವುದಿಲ್ಲ. ಗೌರಿ ಹಬ್ಬ ಹತ್ತಿರ ಬಂದರೆ ಕೇಳುವುದೇ ಬೇಡ, ಕ್ಯಾಡ್ಮಿಯಂ ಹಳದಿ ಬಣ್ಣದ ಟ್ಯೂಬಿಗೂ ಹಳದಿ ಬಾಳೆಹಣ್ಣಿಗೂ ಪೈಪೋಟಿ ಬೀಳುತ್ತದೆ.

ತಂದ ಮೇಲೆ ಓಟದ ಪಂದ್ಯ. ಎಣ್ಣೆಬಣ್ಣ ಒದ್ದೆ ಬಟ್ಟೆಯ ಹಾಗೆ ನೀರು ಆರಿ ಒಣಗುವಂಥದ್ದಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು ತನಗೆ ಮನಸ್ಸು ಬಂದಾಗ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿದರೂ ಕೆಲವು ದಿನ ಬೇಕು. ಕಂದುಬಣ್ಣದ ಅಂಬರ್ ಬೇಗ ಒಣಗುತ್ತದೆ, ಬಿಳಿ ಸತಾಯಿಸುತ್ತದೆ, ಮಳೆಗಾಲದಲ್ಲಿ ಎಲ್ಲವೂ ಸತಾಯಿಸುತ್ತವೆ. ಮೇಲೆ ವಾರ್ನಿಷ್ ಬಳಿಯಬೇಕಾದರೆ ಆರು ತಿಂಗಳಾದರೂ ಕಾಯಬೇಕು ಎನ್ನುತ್ತಾರೆ ತಿಳಿದವರು. ಹಣ್ಣು ಮಾಗುವುದಕ್ಕೆ ಮೂರು ದಿನ, ಹಣ್ಣಿನ ಚಿತ್ರ ಮಾಗುವುದಕ್ಕೆ ಆರು ತಿಂಗಳು. ಸೋಮವಾರ ಹಸಿರು ಅಂಚಿನ ಏಲಕ್ಕಿ ಬಾಳೆಯನ್ನು ಆರಂಭಿಸಿದರೆ ಮಂಗಳವಾರ ಹಸಿರನ್ನು ಅಳಿಸಬೇಕು, ಬುಧವಾರ ಚುಕ್ಕೆ ಇಡಬೇಕು, ಗುರುವಾರ ಚುಕ್ಕೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಮಾಡಬೇಕು. ಇದರ ಜೊತೆಗೆ ಟರ್ಪೆಂಟೈನ್ ವಾಸನೆ. ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು, "ಯಾರಿಗೆ ಮಂಡಿನೋವು?" ಎಂದು ವಿಚಾರಿಸುತ್ತಾರೆ.

ಇದೆಲ್ಲವನ್ನೂ ಸಹಿಸಬಹುದು. ಮಾವನವರ ಲೆಕ್ಕ ತಪಾಸಣೆಯನ್ನು ಹೇಗೆ ಸಹಿಸುವುದು?

ಮೊದಲ ವರ್ಷ ಅವರು ನೇರವಾಗಿ ತಿನ್ನುತ್ತಿದ್ದರು. ನಾನು ಮುಖ ಊದಿಸಿಕೊಂಡೆ. ನಮ್ಮ ಯಜಮಾನರು ಮಧ್ಯಸ್ಥಿಕೆಗೆ ಹೋಗಿ, "ಅಪ್ಪಾ, ಮೇಜಿನ ಮೇಲಿನದು ತಿನ್ನುವ ಹಣ್ಣಲ್ಲ, ನೋಡುವ ಹಣ್ಣು" ಎಂದು ವಿವರಿಸಿ ಬಂದರು. ಅಪ್ಪ ಒಪ್ಪಿದರು. ಆಮೇಲೆ ತಿಂದದ್ದರ ಜಾಗದಲ್ಲಿ ಬೇರೊಂದನ್ನು ಇಡತೊಡಗಿದರು. ಒಮ್ಮೆ ಪರಿಚಯದವರೊಬ್ಬರು ಎರಡು ನಂಜನಗೂಡು ರಸಬಾಳೆ ತಂದುಕೊಟ್ಟಿದ್ದರು. ಸೊರಗು ರೋಗ ಬಡಿದು ತೋಟಗಳೇ ಕರಗಿಹೋದ ತಳಿ, ಸಿಗುವುದೇ ಅಪರೂಪ. ಆ ಗುಂಡುಗುಂಡಾದ ಮೈಯನ್ನು, ದಪ್ಪ ಸಿಪ್ಪೆಯ ಹೊಂಬಣ್ಣವನ್ನು ಅರ್ಧ ಹಿಡಿದಿದ್ದೆ. ಸ್ನಾನ ಮಾಡಿ ಬರುವಷ್ಟರಲ್ಲಿ ಆ ಜಾಗದಲ್ಲಿ ಎರಡು ಪಚ್ಚಬಾಳೆ, ಕುಡುಗೋಲಿನಂತೆ ಬಾಗಿಕೊಂಡು ಮಲಗಿದ್ದವು.

"ಮಾವಾ, ರಸಬಾಳೆ?"

"ಎರಡು ಇತ್ತು, ಎರಡು ಇದೆ. ಎಣಿಸಿ ನೋಡಮ್ಮ."

ಆ ಚಿತ್ರ ಈಗಲೂ ಇದೆ. ಅದರಲ್ಲಿ ಬಾಳೆಹಣ್ಣು ಅರ್ಧದವರೆಗೆ ನಂಜನಗೂಡಿನದು, ಅಲ್ಲಿಂದ ಮುಂದೆ ಯಾವ ಊರಿನದೋ.

ಅವರನ್ನು ಕಲೆಯ ಕಡೆಗೆ ಒಲಿಸೋಣವೆಂದು ಒಂದು ಸಂಜೆ ಫ್ರಾನ್ಸಿನದೇ ಇನ್ನೊಬ್ಬ ಚಿತ್ರಕಾರ ಎದುವಾರ್ ಮಾನೆಯ ಕಥೆ ಹೇಳಿದೆ. 1880ರಲ್ಲಿ ಅವನು ಆಸ್ಪರಾಗಸ್ಸಿನ ಒಂದು ಕಟ್ಟನ್ನು ಬರೆದು 800 ಫ್ರಾಂಕ್ ಬೆಲೆ ಹೇಳಿದ. ಆಸ್ಪರಾಗಸ್ ಎಂದರೆ ನಮ್ಮ ಶತಾವರಿಯ ದಾಯಾದಿ ತರಕಾರಿ. ಚಿತ್ರವನ್ನು ಕೊಂಡ ಎಫ್ರುಸಿ ಎಂಬವನು ಧಾರಾಳಿ, 1000 ಕಳಿಸಿದ. ಮಾನೆ ಸುಮ್ಮನಿರದೆ ಒಂದೇ ಒಂದು ದಂಟಿನ ಇನ್ನೊಂದು ಪುಟ್ಟ ಚಿತ್ರ ಬರೆದು, ನಿಮ್ಮ ಕಟ್ಟಿನಲ್ಲಿ ಇದೊಂದು ಕಡಿಮೆಯಿತ್ತು ಎಂದು ಚೀಟಿ ಇಟ್ಟು ಕಳಿಸಿಕೊಟ್ಟ. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡು, ಕಲಾವಿದ ಎಂದರೆ ಹೀಗಿರಬೇಕು. ಹೆಚ್ಚಿಗೆ ಬಂದದ್ದಕ್ಕೆ ಲೆಕ್ಕ ತೋರಿಸಿದ" ಎಂದರು. ಆ ವಾರವಿಡೀ ನನ್ನ ಹಣ್ಣುಗಳ ಪಕ್ಕದಲ್ಲಿ ನಾನು ಇಡದ ಒಂದು ಹಣ್ಣು ಹೆಚ್ಚಿಗೆ ಬಂದು ಕೂರುತ್ತಿತ್ತು. ಹಿಂದಿನ ಬಾಕಿಯಂತೆ.

ಹಾಗಾದರೆ ತಿನ್ನುವ ಬದಲು ಪೂಜೆಗಾದರೂ ಇಡಿ, ಪುಣ್ಯ ಬರಲಿ ಎಂದರೆ ಅದಕ್ಕೆ ಅವರು ಸುತರಾಂ ಒಪ್ಪುವುದಿಲ್ಲ. "ಮೂಸಿದ ಹೂವನ್ನು ದೇವರಿಗೆ ಮುಡಿಸುತ್ತೇವೆಯೇ? ನೀನು ಮೂರು ಗಂಟೆ ದುರುಗುಟ್ಟಿ ನೋಡಿದ ಹಣ್ಣನ್ನು ನೈವೇದ್ಯಕ್ಕೆ ಹೇಗಮ್ಮ ಇಡುವುದು? ಅದು ಕಣ್ಣಿನ ಎಂಜಲು" ಎಂದು ತೀರ್ಪು ಕೊಟ್ಟಿದ್ದಾರೆ. ದೇವರಿಗೆ ಸಲ್ಲದ ಆ ಎಂಜಲು ಇವರಿಗೆ ಹೇಗೆ ಸಲ್ಲುತ್ತದೆ ಎಂದು ಕೇಳಿದರೆ, "ನಾನೇನು ದೇವರೇ?" ಎನ್ನುತ್ತಾರೆ.

ಇವತ್ತಿನ ಅನಾಹುತಕ್ಕೆ ಮೂಲ ನಾನೇ. ಹೋದ ವಾರ ಅವರು ನನ್ನ ಬೆನ್ನ ಹಿಂದೆ ಬಹಳ ಹೊತ್ತು ನಿಂತಿದ್ದರು. ಕೊನೆಗೆ, "ಹಣ್ಣಿನ ಹಿಂದಿನ ಭಾಗವನ್ನು ಯಾವಾಗ ಬರೆಯುತ್ತೀಯ?" ಎಂದು ಕೇಳಿದರು. ಇಷ್ಟು ದಿನಕ್ಕೆ ಒಂದು ಕಲಾಸಕ್ತ ಪ್ರಶ್ನೆ ಬಂತಲ್ಲ ಎಂಬ ಖುಷಿಯಲ್ಲಿ, ಕಾಣುವುದನ್ನಷ್ಟೇ ಬರೆಯುವುದು ಮಾವಾ, ಹಿಂದಿನದು ಚಿತ್ರಕ್ಕೆ ಬೇಕಾಗುವುದೇ ಇಲ್ಲ ಎಂದು ನೆರಳು ಬೆಳಕಿನ ಪಾಠವನ್ನೇ ಮಾಡಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ಮೂವತ್ನಾಲ್ಕು ವರ್ಷದ ಅನುಭವ ಇತ್ತೆಂಬುದು ನನಗೆ ಹೊಳೆಯಬೇಕಿತ್ತು. ಬಳಕೆಯಾಗದೆ ಬಿದ್ದಿರುವ ಸರಕನ್ನು ಕಂಡುಹಿಡಿಯುವುದೇ ಅವರ ಉದ್ಯೋಗವಾಗಿತ್ತು.

ಮುಲಾಮಿನ ಸೀಸೆಯನ್ನು ಕೈಯಲ್ಲಿ ಹಿಡಿದು ಜಗುಲಿಗೆ ಹೋದೆ. ಮಾವನವರು ಕೃತಕ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು ಅದರೊಳಗೆ ಸೇರಿಕೊಂಡ ಸೀಬೆಯ ಬೀಜಗಳನ್ನು ಕಡ್ಡಿಯಿಂದ ಬಿಡಿಸುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಸೀಬೆಯ ಆಸೆ ಬೇರೆ.

"ಹಣ್ಣಿನ ಹಿಂಭಾಗ ಎಲ್ಲಿ ಮಾವಾ?"

ಸೆಟ್ಟು ಹಾಕಿಕೊಳ್ಳುವವರೆಗೆ ಕೈಸನ್ನೆಯಿಂದ ಕಾಯಿಸಿದರು. ಆಮೇಲೆ, "ಬೇಕಾಗಿಲ್ಲ ಎಂದು ನೀನೇ ಹೇಳಿದೆಯಲ್ಲಮ್ಮ. ಮುಂಭಾಗವನ್ನು ಮುಟ್ಟಿದ್ದೇನೆಯೇ? ಎಲೆ ಕೂಡ ಬಿದ್ದಿಲ್ಲ" ಎಂದರು. ನಿಜ. ಎಲೆ ಬಿದ್ದಿರಲಿಲ್ಲ. ಆ ನಡುಗುವ ಕೈಯಲ್ಲಿ ಅದೆಷ್ಟು ಜೋಪಾನವಾಗಿ ಕತ್ತರಿಸಿದ್ದರೋ.

ನೆರಳು ಹಾಳಾಯಿತು ಎಂದೆ. ನೆರಳನ್ನು ತಾವು ತಿಂದಿಲ್ಲ ಎಂದರು.

ಅವರ ಚಾಕು ಯಾವಾಗಲೂ ನಟ್ಟನಡುವೆಯೇ ಇಳಿಯುತ್ತದೆ. ಅತ್ತೆ ಇದ್ದಾಗ ಈ ಮನೆಯಲ್ಲಿ ಯಾವ ಹಣ್ಣೂ ಇಡಿಯಾಗಿ ಒಬ್ಬರ ತಟ್ಟೆಗೆ ಬಂದದ್ದಿಲ್ಲ. ಮಾವ ಕತ್ತರಿಸಿ ಅರ್ಧವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದರು, ಅತ್ತೆ ಕೆಲಸ ಮುಗಿಸಿ, ನಿಂತುಕೊಂಡೇ ಅದನ್ನು ತಿನ್ನುತ್ತಿದ್ದರು. ಇಬ್ಬರೂ ಆ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅತ್ತೆ ಹೋಗಿ ನಾಲ್ಕು ವರ್ಷವಾಯಿತು. ಕಟ್ಟೆಯ ಮೇಲೆ ಈಗಲೂ ಒಮ್ಮೊಮ್ಮೆ ಅರ್ಧ ಹಣ್ಣು ಇರುತ್ತದೆ. ಸಂಜೆಯ ಹೊತ್ತಿಗೆ ಕಪ್ಪಾಗುತ್ತದೆ, ನಾನು ಸದ್ದಿಲ್ಲದೆ ತೆಗೆಯುತ್ತೇನೆ.

ಹಾಗೆಂದು ಸಿಟ್ಟು ಇಳಿಯಿತೇ? ಇಲ್ಲ. ಇಪ್ಪತ್ತು ನಿಮಿಷ ಕೂತು ಖಾರದ ಪುಡಿಯನ್ನು ಎಣ್ಣೆಬಣ್ಣದಲ್ಲಿ ಬರೆದವಳು ನಾನು.

ಆದರೂ ಒಂದು ಮಾತು ಹೇಳಲೇಬೇಕು. ನನ್ನ ಚಿತ್ರಗಳ ಪರವಾಗಿ ಈ ಊರಿನಲ್ಲಿ ಸಾಕ್ಷಿ ಹೇಳುವವರು ಅವರೊಬ್ಬರೇ. ನಾನು ಸಪೋಟ ಬರೆದಾಗಲೆಲ್ಲ ಅದು ಆಲೂಗಡ್ಡೆಯಾಗುತ್ತದೆ. ಕಂದು ಬಣ್ಣ, ಒರಟು ಸಿಪ್ಪೆ, ಹೊಳಪಿಲ್ಲದ ಮೈ; ಎಷ್ಟೇ ಹೆಣಗಿದರೂ ಹುಳಿಗೆ ಹಾಕುವ ಹಾಗೆ ಕಾಣುತ್ತದೆ. ಮೊನ್ನೆ ಬಂದ ನೆಂಟರೊಬ್ಬರು ಗೋಡೆಯತ್ತ ನೋಡಿ, "ಆಲೂಗಡ್ಡೆ ಬಹಳ ಚೆನ್ನಾಗಿ ಬಂದಿದೆ" ಎಂದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ಮಾವನವರು ಬಿಡಲಿಲ್ಲ. "ಆಲೂಗಡ್ಡೆಯಲ್ಲ, ಸಪೋಟ. ನಾನೇ ತಿಂದದ್ದು. ಪಕ್ಕದಲ್ಲಿರುವ ಮಾವು ಸ್ವಲ್ಪ ಹುಳಿ. ಕೆಳಗಿರುವ ದಾಳಿಂಬೆ ಪರವಾಗಿಲ್ಲ, ಬೀಜ ಹೆಚ್ಚು" ಎಂದು ಒಂದೊಂದು ಚಿತ್ರದ ರುಚಿಯನ್ನೂ ವಿವರಿಸುತ್ತಾ ಇಡೀ ಗೋಡೆಯನ್ನು ಸುತ್ತಿಸಿದರು. ನೆಂಟರು ಎದ್ದು ಹೋಗುವಾಗ ಮಾವಿನ ಚಿತ್ರದ ಮುಂದೆ ನಿಂತು, ಹುಳಿ ಎಲ್ಲಿದೆಯೆಂದು ಹುಡುಕುವವರಂತೆ ಬಗ್ಗಿ ನೋಡಿದರು. ಅಷ್ಟು ಹೊತ್ತು ನನ್ನ ಚಿತ್ರದ ಮುಂದೆ ಯಾರೂ ನಿಂತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮುಲಾಮಿನ ಸೀಸೆಯನ್ನು ಮತ್ತೆ ಸೀಬೆಯ ಬೆನ್ನಿಗೆ ಒರಗಿಸಿ, ತೆಳ್ಳಗಿನ ನೆರಳನ್ನೇ ಗಟ್ಟಿ ಮಾಡಿಕೊಂಡು ಎಲೆಯನ್ನು ಮುಗಿಸುತ್ತಿದ್ದೆ. ಹಿಂದೆ ಚಪ್ಪಲಿಯ ಸದ್ದಾಯಿತು. ಒಂದು ಕೈಯಲ್ಲಿ ಸ್ಟೀಲಿನ ತಟ್ಟೆ, ಅದರ ಅಂಚಿನಲ್ಲಿ ಒಂದು ಚಿಟಿಕೆ ಉಪ್ಪು ಖಾರ, ಇನ್ನೊಂದು ಕೈಯಲ್ಲಿ ಚಾಕು.

"ಮುಂಭಾಗ ಮುಗಿಯಿತೇನಮ್ಮ?"