‘ಯಾರೂ ಕಲಿಸಿಲ್ರಿ, ನಾವಽ ಕಲ್ತೀವಿ’

ಕಳೆದ ದೀಪಾವಳಿಗೆ ಬೆಟಗೇರಿಗೆ ಬಂದಿದ್ದೆ. ಓಣಿ ತಿರುವಿನ ಚಹಾದಂಗಡಿ ಮುಂದೆ ಅಣ್ಣನ ಮಗ ಮತ್ತು ಅವನ ಮೂವರು ಗೆಳೆಯರು ಗಾಡಿಗಳಿಗೆ ಆತು ನಿಂತಿದ್ದರು. ಗದಗದಿಂದ ಹುಬ್ಬಳ್ಳಿಗೆ ಯಾರು ಎಷ್ಟು ನಿಮಿಷದಲ್ಲಿ ಮುಟ್ಟಿದ್ದಾರೆ ಎನ್ನುವುದೇ ಮಾತು. ಒಬ್ಬ ನಲವತ್ತು ನಿಮಿಷ ಅಂದ, ಇನ್ನೊಬ್ಬ ಮೂವತ್ತೈದು ಅಂದ. ಹತ್ತಿರ ಹತ್ತಿರ 60 ಕಿಲೋಮೀಟರ್ ದಾರಿ, ನಡುವೆ ಹುಲಕೋಟಿ, ಅಣ್ಣಿಗೇರಿ, ಶಿರಗುಪ್ಪಿ. ಮೂವತ್ತೈದು ನಿಮಿಷವೆಂದರೆ ಒಂದು ಕಡೆಯೂ ನೂರರ ಕೆಳಗೆ ಇಳಿಯದೆ ಹೋದ ಹಾಗೆ.

“ಗಾಡಿ ಹೊಡಿಯೂದು ಯಾರ ಕಲಿಸ್ಯಾರಪಾ ನಿಮಗ?” ಎಂದು ಕೇಳಿದೆ.

“ಯಾರೂ ಕಲಿಸಿಲ್ರಿ ಕಾಕಾ, ನಾವಽ ಕಲ್ತೀವಿ.”

ಆ ಮಾತು ಹೇಳುವಾಗ ಹುಡುಗನ ಎದೆ ಉಬ್ಬಿತ್ತು. ನಾನು ಏನೂ ಅನ್ನಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಓಣಿಯಲ್ಲಿ ನಾನೂ ಇದೇ ಮಾತನ್ನು ಇದೇ ಹೆಮ್ಮೆಯಿಂದ ಹೇಳಿದ್ದೆ. ನನ್ನ ಜೊತೆ ನಿಂತು ಹಾಗೆ ಹೇಳಿದವರಲ್ಲಿ ಒಬ್ಬ ಈಗಿಲ್ಲ.

ಅವನು ಅಣ್ಣಿಗೇರಿ ದಾಟಿ ಸ್ವಲ್ಪ ಮುಂದೆ, ಸಂಜೆ ಕತ್ತಲಾಗುವ ಹೊತ್ತಿಗೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರಿಗೆ ಹೋಗಿ ಬಡಿದಿದ್ದ. ಮರುದಿನ ನಾವು ಹೋಗಿ ನೋಡಿದಾಗ ಡಾಂಬರಿನ ಮೇಲೆ ಟಯರಿನ ಕಪ್ಪು ಗೆರೆ ಉದ್ದಕ್ಕೆ ಎಳೆದಿತ್ತು. “ಪಾಪ, ಬ್ರೇಕ್ ಹತ್ತಿಲ್ಲ” ಎಂದು ಹಿರಿಯರೊಬ್ಬರು ಹೇಳಿದರು. ನಾವೂ ಹಾಗೇ ನಂಬಿದೆವು. ಆ ಗೆರೆ ನಿಜವಾಗಿ ಏನು ಹೇಳುತ್ತಿತ್ತು ಎನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಇಲ್ಲಿ, ಅಮೆರಿಕದ ವರ್ಜೀನಿಯಾದ ಒಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ.

ನಾನಿರುವುದು ನಾರ್ಫೋಕ್‌ನಲ್ಲಿ. ಜಗತ್ತಿನ ಅತಿ ದೊಡ್ಡ ನೌಕಾನೆಲೆ ಇರುವ ಊರು. ನಾನು ಸೇನೆಯವನಲ್ಲ, ಖಾಸಗಿ ಕೆಲಸದವನು. ಆದರೆ ನಮ್ಮ ಬೀದಿಯಲ್ಲಿ ಮೂರು ಮನೆಗೊಂದು ನೌಕಾಪಡೆಯವರದು. ಸಮುದ್ರದಲ್ಲಿ ತಿಂಗಳುಗಟ್ಟಲೆ ಇದ್ದು, ಕೈಯಲ್ಲಿ ಕೂಡಿದ ಸಂಬಳ ಹಿಡಿದು ದಡಕ್ಕೆ ಬರುವ ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರು ಮೊದಲು ಹೋಗುವುದು ಬೈಕಿನ ಅಂಗಡಿಗೆ. ತರುವುದು 600 ಸಿಸಿ, 1000 ಸಿಸಿ. ಅವರ ಮಾತೂ ನಮ್ಮ ಚಹಾದಂಗಡಿಯ ಮಾತಿನಂತೆಯೇ ಇರುತ್ತದೆ. ಭಾಷೆ ಬೇರೆ, ಎದೆ ಉಬ್ಬುವುದು ಅದೇ.

ಆ ಹುಡುಗರ ಸೇನೆ ಅವರನ್ನು ಏನು ಮಾಡಿತು ಎನ್ನುವುದು ನಮ್ಮ ಕಡೆಯವರಿಗೆ ಗೊತ್ತಾಗಬೇಕು. 2008ರಲ್ಲಿ ಅಮೆರಿಕದ ನೌಕಾ ಇಲಾಖೆಗೇ ಸೇರಿದ ಮರೀನ್ ದಳದ ಅಧಿಕಾರಿಗಳು ಒಂದು ಲೆಕ್ಕ ಹೇಳಿದರು. ಹಿಂದಿನ ಸುಮಾರು ಒಂದು ವರ್ಷದಲ್ಲಿ ಇರಾಕಿನ ಯುದ್ಧದಲ್ಲಿ ಶತ್ರುವಿನ ಕೈಯಲ್ಲಿ ಸತ್ತ ಮರೀನ್ ಯೋಧರು 20. ತಮ್ಮ ದೇಶದ ರಸ್ತೆಗಳಲ್ಲಿ ಬೈಕಿನಿಂದ ಬಿದ್ದು ಸತ್ತವರು 25. ಆ 25ರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸ್ಪೋರ್ಟ್ಸ್ ಬೈಕಿನ ಮೇಲಿದ್ದವರು. ಗುಂಡಿನ ಮಳೆಯಲ್ಲಿ ಬದುಕಿ ಬಂದವರು ಮನೆ ಹತ್ತಿರದ ತಿರುವಿನಲ್ಲಿ ಹೋದರು.

ಇಂಥ ಲೆಕ್ಕ ನಮ್ಮಲ್ಲಿ ಬಂದಿದ್ದರೆ ಒಂದು ಸಪ್ತಾಹ, ಒಂದು ಜಾಥಾ, ಒಂದು ಫಲಕದ ಅನಾವರಣ ನಡೆದು ಮುಗಿಯುತ್ತಿತ್ತು. ಇದನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಅಲ್ಲಿ ಸ್ಪೋರ್ಟ್ಸ್ ಬೈಕ್ ಇಟ್ಟುಕೊಂಡವರಿಗೇ ಬೇರೆ ಪಾಠ ತಯಾರಾಯಿತು. ಸಮವಸ್ತ್ರದವನು ಬೈಕ್ ಹೊಡೆಯಬೇಕಾದರೆ ತರಬೇತಿ ಮುಗಿಸಿರಲೇಬೇಕು. ನೆಲೆಯ ಒಳಗಷ್ಟೇ ಅಲ್ಲ, ಹೊರಗೆ ರಜೆಯಲ್ಲಿ ಹೊಡೆದರೂ ಅದೇ ನಿಯಮ. ನೆಲೆಯ ಒಳಗೆ ಹೋಗಲು ಹೆಲ್ಮೆಟ್, ಕಣ್ಣಿಗೆ ರಕ್ಷಣೆ, ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಬೆರಳು ಪೂರ್ತಿ ಮುಚ್ಚುವ ಕೈಗವಸು, ಕಣಕಾಲು ಮುಚ್ಚುವ ಗಟ್ಟಿ ಬೂಟು, ಇಷ್ಟೂ ಇರಬೇಕು. ಕೈಗವಸು ಯಾಕೆಂದು ಪಕ್ಕದ ಮನೆಯಾತನನ್ನು ಕೇಳಿದ್ದೆ. ಅವನು ನೌಕಾಪಡೆಯವನು, ಬೈಕ್ ತರಬೇತುದಾರನೂ ಹೌದು. ಅಂಗೈ ಚಾಚಿ ತೋರಿಸಿ ಹೇಳಿದ: ಬೀಳುವಾಗ ಮನುಷ್ಯ ಮೊದಲು ನೆಲಕ್ಕೆ ಕೊಡುವುದು ಇದನ್ನೇ.

ಆತನ ಮಾತಿನಿಂದಲೇ ನಾನೂ ನಾರ್ಫೋಕ್‌ನ ಬೈಕ್ ತರಬೇತಿಗೆ ಸೇರಿದೆ. ಹದಿನೈದು ವರ್ಷ ಗಾಡಿ ಹೊಡೆದವನು, ನನಗೇನು ಕಲಿಸುತ್ತಾರೆ ಎಂದುಕೊಂಡೇ ಹೋಗಿದ್ದೆ. ಮೊದಲ ಪಾಠದಲ್ಲಿ ಎಂಜಿನ್ನೇ ಚಾಲೂ ಮಾಡಗೊಡಲಿಲ್ಲ. ಗಾಡಿಯ ಸುತ್ತ ನಡೆದು ಟಯರಿನ ಗಾಳಿ, ಬ್ರೇಕಿನ ತಂತಿ, ದೀಪ, ಆಯಿಲ್, ಚೈನು, ಸ್ಟ್ಯಾಂಡು ನೋಡಬೇಕು. ಆಮೇಲೆ ಅರ್ಧ ಕ್ಲಚ್ಚಿನಲ್ಲಿ ಕಾಲು ನೆಲಕ್ಕೆ ಊರಿಕೊಂಡೇ ಮುಂದೆ, ಹಿಂದೆ. ನಾಲ್ಕಾರು ಗಂಟೆ ಕಳೆದ ಮೇಲೆ ಬಂದದ್ದು ತುರ್ತಾಗಿ ನಿಲ್ಲಿಸುವ ಪಾಠ.

ನಾನು ಊರಿನ ರೂಢಿಯಂತೆ ಹಿಂದಿನ ಬ್ರೇಕ್ ತುಳಿದೆ. ಹಿಂದಿನ ಚಕ್ರ ಬಿಗಿದುಕೊಂಡು ಜಾರಿತು, ಗಾಡಿ ಗೆರೆ ದಾಟಿ ಎಷ್ಟೋ ದೂರ ಹೋಗಿ ನಿಂತಿತು. ತರಬೇತುದಾರ ನನ್ನನ್ನು ಇಳಿಸಿ ಹಿಂದಕ್ಕೆ ಕರೆದುಕೊಂಡು ಹೋಗಿ ನೆಲ ತೋರಿಸಿದ. ಕಪ್ಪು ಗೆರೆ, ಉದ್ದಕ್ಕೆ. ಅಣ್ಣಿಗೇರಿಯ ಡಾಂಬರಿನ ಮೇಲೆ ಕಂಡಿದ್ದ ಗೆರೆಯೇ.

“ಬ್ರೇಕ್ ಹತ್ತಿಲ್ಲ” ಅಂದಿದ್ದೆವು. ಬ್ರೇಕ್ ಹತ್ತಿತ್ತು. ಹಿಂದಿನದು ಮಾತ್ರ ಹತ್ತಿತ್ತು. ನಮ್ಮ ಹುಡುಗ ಮುಂದಿನ ಬ್ರೇಕಿನ ಹಿಡಿ ಮುಟ್ಟೇ ಇರಲಿಲ್ಲ, ಯಾಕೆಂದರೆ ನಮಗೆಲ್ಲ ಹಿರಿಯರು ಹೇಳಿಕೊಟ್ಟಿದ್ದ ಒಂದೇ ಪಾಠ ಅದು: “ಮುಂದಿನ ಬ್ರೇಕ್ ಹಿಡಿಬ್ಯಾಡ, ಮಕಾಡೆ ಬೀಳ್ತಿ.” ನಿಲ್ಲಿಸುವ ಶಕ್ತಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಇರುವುದು ಮುಂದಿನ ಚಕ್ರದಲ್ಲಿ. ಬ್ರೇಕ್ ಹಾಕಿದೊಡನೆ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟಯರು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಹಿಡಿಯನ್ನು ಒಮ್ಮೆಲೇ ಜಗ್ಗಬಾರದು, ಹಸುವಿನ ಕೆಚ್ಚಲು ಹಿಂಡಿದಂತೆ ಹದವಾಗಿ, ಬಿಗಿಯುತ್ತಾ ಹೋಗಬೇಕು. ಇದನ್ನು ಕಲಿಯಲು ನನಗೆ ಅರ್ಧ ದಿನ ಸಾಕಾಯಿತು. ನನ್ನ ಗೆಳೆಯನಿಗೆ ಆ ಅರ್ಧ ದಿನ ಯಾರೂ ಕೊಡಲಿಲ್ಲ.

ಇದೇನೂ ಹೊಸ ಸಂಗತಿಯಲ್ಲ. 1981ರಲ್ಲೇ ಹ್ಯಾರಿ ಹರ್ಟ್ ಎನ್ನುವ ಪ್ರೊಫೆಸರ್ ಲಾಸ್ ಏಂಜಲೀಸ್‌ನಲ್ಲಿ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರೀಕ್ಷಿಸಿ ವರದಿ ಕೊಟ್ಟಿದ್ದರು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಹಿಂದಿನ ಚಕ್ರ ಬಿಗಿದು ಜಾರಿಸುವುದು, ಮುಂದಿನ ಬ್ರೇಕನ್ನು ಬಳಸದೇ ಬಿಡುವುದು ಅವರ ಸಾಮಾನ್ಯ ತಪ್ಪು ಎಂದೂ ಅದರಲ್ಲಿದೆ. ‘ನಾವಽ ಕಲ್ತೀವಿ’ ಎನ್ನುವ ಮಾತಿನ ಬೆಲೆ ಆ ವರದಿಯಲ್ಲಿ ನಲವತ್ತು ವರ್ಷದಿಂದ ಬರೆದಿಟ್ಟಿದೆ.

ನನಗೆ ನೋವಾಗುವುದು, ಕಲಿಸಿದವರ ಹೆಸರು ಹೇಳಲು ನಾಚುವ ಜನ ನಾವಲ್ಲ ಎಂಬುದಕ್ಕೆ. ಗದಗ–ಬೆಟಗೇರಿಯಲ್ಲಿ, ಹುಬ್ಬಳ್ಳಿ–ಧಾರವಾಡದಲ್ಲಿ ಗರಡಿ ಮನೆಗಳಿದ್ದ ಊರುಗಳು ನಮ್ಮವು. ಪೈಲ್ವಾನನನ್ನು ಕಣಕ್ಕಿಳಿಸುವಾಗ ಜನ ಕೇಳುತ್ತಿದ್ದ ಮೊದಲ ಪ್ರಶ್ನೆ, ಯಾವ ತಾಲೀಮು, ವಸ್ತಾದ ಯಾರು? ವಸ್ತಾದನಿಲ್ಲದೆ ತಾನೇ ಕುಸ್ತಿ ಕಲಿತೆ ಎಂದವನನ್ನು ಯಾರೂ ಕಣಕ್ಕೆ ಬಿಡುತ್ತಿರಲಿಲ್ಲ. ಹೊಸ ಹುಡುಗ ಮೊದಲು ಕೆಮ್ಮಣ್ಣು ಅಗೆದು ಹದ ಮಾಡಬೇಕು, ದಂಡ–ಬೈಠಕ್ ಹೊಡೆಯಬೇಕು, ಬೀಳುವುದನ್ನು ಕಲಿಯಬೇಕು. ಪಟ್ಟು ಆಮೇಲೆ. ಎಂಜಿನ್ ಚಾಲೂ ಮಾಡಗೊಡದ ಆ ಮೊದಲ ಪಾಠ ನನಗೆ ಗರಡಿಯ ಮಣ್ಣಿನ ವಾಸನೆಯನ್ನೇ ನೆನಪಿಗೆ ತಂದಿತು.

ಒಂದು ತರಬೇತಿ ಮುಗಿಸಿದರೆ ಎಲ್ಲ ಬಂತು ಎಂದು ಅಲ್ಲಿನ ಸೇನೆಯೂ ನಂಬಿಲ್ಲ. ಎರಡು ದಿನ ಕಲಿತು ಬಂದವನ ಬಡಾಯಿ ಏನೂ ಕಲಿಯದವನ ಬಡಾಯಿಗಿಂತ ಒಂದು ಕೈ ಹೆಚ್ಚೇ ಇರಬಹುದು. ಅದಕ್ಕೇ ಅಲ್ಲಿ ಮೇಲಿನ ಹಂತದ ಪಾಠ ಉಂಟು, ವರ್ಷಗಳ ನಂತರ ಮತ್ತೆ ಅಭ್ಯಾಸ ಉಂಟು. ದಳದಲ್ಲಿ ಪಳಗಿದ ಸವಾರರು ಹೊಸಬರನ್ನು ತಮ್ಮ ಜೊತೆ ರಸ್ತೆಗೆ ಕರೆದೊಯ್ಯುವ ವ್ಯವಸ್ಥೆಯೂ ಉಂಟು. ನನ್ನ ತಾಯಿಯ ತವರು ಹಾವೇರಿ ಕಡೆ. ಅಜ್ಜ ಹೊಸ ಹೋರಿಯನ್ನು ಗಳೇವಿಗೆ ಪಳಗಿಸುವಾಗ ಎಂದೂ ಎರಡು ಹೊಸ ಹೋರಿಗಳನ್ನು ಜೋಡಿ ಮಾಡುತ್ತಿರಲಿಲ್ಲ. ನೊಗದ ಒಂದು ಬದಿಗೆ ಹಳೇ ಎತ್ತು ಇರಲೇಬೇಕು. ಹೋರಿ ಜಗ್ಗಿದರೆ ಎತ್ತು ಜಗ್ಗುವುದಿಲ್ಲ, ತನ್ನ ಹೆಜ್ಜೆ ಬಿಡುವುದಿಲ್ಲ. ನಮ್ಮ ಚಹಾದಂಗಡಿ ಮುಂದಿದ್ದವು ನಾಲ್ಕೂ ಹೊಸ ಹೋರಿಗಳು.

ನಮ್ಮ ರಸ್ತೆಗಳಾದರೂ ಎಂಥವು! ಎರೆ ನೆಲದ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗಿ ಏಳುತ್ತದೆ, ಇಳಿಯುತ್ತದೆ. ಮಳೆ ಬಿದ್ದ ದಿನ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿ ಎರೆ ಮಣ್ಣನ್ನು ತಂದು ರಸ್ತೆಗೆ ಮೆತ್ತಿದರೆ ಸಾಬೂನು ಸವರಿದ ಹಾಗೆ. ಹೆಸರುಕಾಳಿನ ಸುಗ್ಗಿಯಲ್ಲಿ ಗಿಡಗಳನ್ನೇ ರಸ್ತೆ ಮೇಲೆ ಹರವಿ ಒಕ್ಕುತ್ತಾರೆ, ದೀಪಾವಳಿ ಹೊತ್ತಿಗೆ ಗೋವಿನಜೋಳ ಒಣಗಲು ಬೀಳುತ್ತದೆ, ರಾತ್ರಿ ಅದರ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ವರ್ಜೀನಿಯಾದ ಪಾಠದಲ್ಲಿ ಇದಾವುದೂ ಇಲ್ಲ. ನಮ್ಮ ಪಾಠವನ್ನು ನಾವೇ ಬರೆದುಕೊಳ್ಳಬೇಕು.

ಈಗ ಹೇಗಿದೆ? ಕಾರು ಕಲಿಸುವ ಡ್ರೈವಿಂಗ್ ಸ್ಕೂಲುಗಳು ಹುಬ್ಬಳ್ಳಿಯಲ್ಲಿ ಎಲ್ಲಿ ನೋಡಿದರೂ ಕಾಣುತ್ತವೆ. ಬೈಕಿನವನಿಗೆ ತುರ್ತಾಗಿ ನಿಲ್ಲಿಸುವುದನ್ನು ಕಲಿಸುವ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ. ಎಲ್‌ಎಲ್ ಮಾಡಿಸು, ಮೂವತ್ತು ದಿನ ಬಿಟ್ಟು ಹೋಗಿ ಕಾಲು ಊರದೆ ಎಂಟಿನ ಆಕಾರದಲ್ಲಿ ಸುತ್ತು, ಮುಗಿಯಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಪಾಲು ದ್ವಿಚಕ್ರದವರು.

ಅಣ್ಣನ ಮಗನ ಗಾಡಿ 200 ಸಿಸಿಯದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ, ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ. ಒಂದೇ ಚಕ್ರಕ್ಕೆ ಎಬಿಎಸ್ ಕೊಡುವುದಾದರೆ ಅದನ್ನು ಮುಂದಿನ ಚಕ್ರಕ್ಕೇ ಕೊಡುತ್ತಾರೆ. ಎಂದರೆ ಅವನು ಹೆದರಿ ಮುಟ್ಟದ ಹಿಡಿಗೇ, ಜಾರದಂತೆ ಕಾಯುವ ಯಂತ್ರವನ್ನು ಕಟ್ಟಿ ಕೊಟ್ಟಿದ್ದಾರೆ. ಇದನ್ನು ಅವನಿಗೆ ಶೋರೂಮಿನಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ.

ಹುಡುಗರು ಮೊಬೈಲಿನಲ್ಲಿ ನನಗೆ ಸೇನೆಯ ಬೈಕ್ ಸಾಹಸ ತೋರಿಸಿದರು. 2017ರಲ್ಲಿ ಯಲಹಂಕದಲ್ಲಿ ಆರ್ಮಿ ಸರ್ವಿಸ್ ಕೋರ್‌ನ ಟಾರ್ನೆಡೋಸ್ ತಂಡದವರು ಒಂದೇ 500 ಸಿಸಿ ಗಾಡಿಯ ಮೇಲೆ 58 ಜನ ನಿಂತು ದಾಖಲೆ ಮಾಡಿದ್ದು. “ನೋಡ್ರಿ ಕಾಕಾ, ಮಿಲ್ಟ್ರಿಯವರಽ ಹಿಂಗ ಮಾಡ್ತಾರ!” ಅಂದರು. ನಮ್ಮ ಓಣಿಯಲ್ಲೇ ಒಬ್ಬರು ನಿವೃತ್ತ ಹವಾಲ್ದಾರರಿದ್ದಾರೆ, ಸಿಗ್ನಲ್ಸ್‌ನಲ್ಲಿ ಡಿಆರ್ (ಡಿಸ್ಪ್ಯಾಚ್ ರೈಡರ್) ಆಗಿದ್ದವರು, ಸೇನೆಯ ಟಪಾಲು ಹೊತ್ತು ಬೈಕಿನಲ್ಲಿ ಗುಡ್ಡಗಾಡು ತಿರುಗಿದವರು. ಅವರನ್ನೇ ಕರೆದೆ. ವಿಡಿಯೋ ನೋಡಿ ಅವರು ಹುಡುಗರಿಗೆ ಕೇಳಿದ್ದು ಇಷ್ಟೇ: “ಕಡೀಕ ಗಾಡಿ ಹೆಂಗ ನಿಂತತಿ ನೋಡೀರೇನು? ಮತ್ತೊಮ್ಮೆ ಹಚ್ಚರಿ.” ಮತ್ತೆ ಹಚ್ಚಿದರು. ನಿಧಾನಕ್ಕೆ, ನೇರವಾಗಿ, ಒಬ್ಬರೂ ಅಲುಗದಂತೆ ನಿಂತಿತ್ತು. “ಜಬಲ್‌ಪುರದಾಗ ಟ್ರೇನಿಂಗಿನ್ಯಾಗ ನಮಗ ಮೊದಲ ಗಾಡಿ ನೂಕಾಕ ಹಚ್ಚಿದ್ರು, ತೊಳ್ಯಾಕ ಹಚ್ಚಿದ್ರು. ಹತ್ತಾಕ ಕೊಟ್ಟಿದ್ದು ಆಮ್ಯಾಲೆ” ಅಂದರು.

ಮರುದಿನ ಭಾನುವಾರ ಬೆಳಿಗ್ಗೆ ಹುಲಕೋಟಿ ರಸ್ತೆಯ ಒಂದು ಹೊಸ ಲೇಔಟಿಗೆ ಹೋದೆವು. ಮನೆ ಎದ್ದಿಲ್ಲ, ಡಾಂಬರು ಮಾತ್ರ ಇದೆ. ಇಂಥ ಖಾಲಿ ಲೇಔಟುಗಳು ಧಾರವಾಡದ ಸುತ್ತ, ಹಾವೇರಿಯ ಸುತ್ತ ಎಷ್ಟು ಬೇಕಾದರೂ ಇವೆ. ಕಲಿಸಲು ಜಾಗವಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಡಿಆರ್ ಆಗಿದ್ದ, ಸೇನೆಯಲ್ಲಿ ಗಾಡಿ ಹೊಡೆದು ಬಂದ ನಿವೃತ್ತರೂ ನಮ್ಮ ಜಿಲ್ಲೆಗಳಲ್ಲಿ ಕಮ್ಮಿಯಿಲ್ಲ. ಊರ ಯುವಕ ಸಂಘ, ಗಾಡಿ ಮಾರುವ ಶೋರೂಮಿನವರು, ಆರ್‌ಟಿಓದವರು ಒಂದು ಭಾನುವಾರ ಕೂತು ಮಾತಾಡಿದರೆ ಸಾಕು.

ನೆಲಕ್ಕೆ ಒಂದು ಕಲ್ಲಿನಿಂದ ಗೆರೆ ಎಳೆದೆ. ನಲವತ್ತರ ವೇಗದಲ್ಲಿ ಬಂದು, ಗೆರೆ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಅಣ್ಣನ ಮಗ ತನ್ನ ರೂಢಿಯಂತೆ ಹಿಂದಿನ ಬ್ರೇಕ್ ತುಳಿದ. ಹವಾಲ್ದಾರರು ಹೆಜ್ಜೆ ಹಾಕಿ ಎಣಿಸಿದರು, ಇಪ್ಪತ್ತನಾಲ್ಕು. ಆಮೇಲೆ ಅವನನ್ನು ಹತ್ತರ ವೇಗದಿಂದ ಶುರು ಮಾಡಿಸಿ ಮುಂದಿನ ಹಿಡಿ ಹಿಂಡುವುದನ್ನು ತೋರಿಸಿದರು, ಹತ್ತು, ಇಪ್ಪತ್ತು, ಮೂವತ್ತು. ಬಿಸಿಲೇರುವ ಹೊತ್ತಿಗೆ ಮತ್ತೆ ನಲವತ್ತರಲ್ಲಿ ಬಂದ. ಎರಡೂ ಬ್ರೇಕ್. ಹದಿಮೂರು ಹೆಜ್ಜೆ.

ಹುಡುಗ ಗಾಡಿಯಿಂದ ಇಳಿದು ತಾನೇ ಹೋಗಿ ಮತ್ತೊಮ್ಮೆ ಎಣಿಸಿದ. ಹನ್ನೊಂದು ಹೆಜ್ಜೆಯ ವ್ಯತ್ಯಾಸ. ನಾನು ಆ ಹನ್ನೊಂದು ಹೆಜ್ಜೆಯ ಜಾಗದಲ್ಲಿ ನಿಂತು ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ.

ಉಳಿದ ಮೂವರು ಬರುವ ಭಾನುವಾರ ತಾವೂ ಬರುತ್ತೇವೆ ಎಂದರು. ನನ್ನ ವಿಮಾನ ಶುಕ್ರವಾರ. ಹವಾಲ್ದಾರರು ತಾವಿರುತ್ತೇವೆ ಎಂದು ಒಪ್ಪಿಕೊಂಡರು. ಒಂದು ಚೀಲ ಸುಣ್ಣದ ಪುಡಿ ಮತ್ತು ಮೂವತ್ತು ಮೀಟರಿನ ಟೇಪು ಕೇಳಿದರು. ಗುರುವಾರ ಸಂಜೆ ಎರಡನ್ನೂ ಅವರ ಮನೆಗೆ ಮುಟ್ಟಿಸಿ ಬಂದೆ.